ಒಮ್ರಿ ಮನೆತನ ಮುಳುಗಿದ್ದು ಯಾರಿಂದ? ಎಲ್ಲಾ ಈಜೆಬೆಲ್ ತಲೆಗೇ ಕಟ್ಟೋದು ಸರಿನಾ?

ಗುಡ್ಡದಮನೆ:

ಬೈಬಲಿನ ಅರಸುಗಳು ಪುಸ್ತಕದ ಎರಡೂ ಭಾಗ ಓದಿ ಮುಗಿಸಿದೆ. ಧರ್ಮಗ್ರಂಥ ಅಂತಲ್ಲ, ರಾಜವಂಶದ ಕಥೆ ಅಂತ ಓದಿದೆ. ಒಂದು ಸಂಶಯ ಬಿಡುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಒಮ್ರಿ ಅಂತ ಒಬ್ಬ ಸೇನಾಪತಿ. ಉತ್ತರದ ಇಸ್ರಾಯೇಲಿನಲ್ಲಿ ಯಾರು ಯಾರನ್ನು ಕೊಲ್ಲುತ್ತಾರೋ ಗೊತ್ತಿಲ್ಲದ ಹೊತ್ತಿನಲ್ಲಿ ಗದ್ದುಗೆ ಏರುತ್ತಾನೆ. ಶೆಮೆರ ಎಂಬವನಿಗೆ ಎರಡು ತಲಾಂತು ಬೆಳ್ಳಿ ಕೊಟ್ಟು ಒಂದು ಗುಡ್ಡ ಕೊಂಡುಕೊಳ್ಳುತ್ತಾನೆ, ಅದರ ಮೇಲೆ ಸಮಾರ್ಯ ಪಟ್ಟಣ ಕಟ್ಟುತ್ತಾನೆ. ಆ ರಾಜ್ಯ ಅಸ್ಸೀರಿಯಾದ ಕೈಗೆ ಹೋಗುವ ತನಕ ಅದೇ ರಾಜಧಾನಿ. ಇಷ್ಟು ಮಾಡಿದವನ ಆಳ್ವಿಕೆಗೆ ಗ್ರಂಥ ಕೊಟ್ಟ ಜಾಗ ಎಷ್ಟು? 1 ಅರಸುಗಳು 16ರಲ್ಲಿ 23ರಿಂದ 28ರ ತನಕ. ಆರೇ ಆರು ವಚನ, ಅದರಲ್ಲೂ ಅರ್ಧ ಬೈಗುಳ.

ಆದರೆ ಮಗ ಅಹಾಬ, ಸೊಸೆ ಈಜೆಬೆಲ್ ಬಂದ ಕೂಡಲೇ ಅಧ್ಯಾಯಗಟ್ಟಲೆ ಕಥೆ. ಬರ, ಬೆಂಕಿ, ಪ್ರವಾದಿ, ದ್ರಾಕ್ಷಿತೋಟ, ನಾಯಿ. ಅಹಾಬನ ಮಕ್ಕಳು ಅಹಜ್ಯ, ಯೋರಾಮ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಆಳುತ್ತಾರೆ. ಸುಮಾರು ಕ್ರಿ.ಪೂ. 841ರಲ್ಲಿ ಯೇಹು ಅನ್ನುವ ಇನ್ನೊಬ್ಬ ಸೇನಾಪತಿ ದಂಗೆ ಎದ್ದು ಇಡೀ ಮನೆತನವನ್ನು ಬುಡಸಮೇತ ಕಿತ್ತು ಹಾಕುತ್ತಾನೆ. ಎದ್ದು ಬಿದ್ದದ್ದು ಎಲ್ಲಾ ಸೇರಿ ನಲವತ್ತು ವರ್ಷದ ಆಚೀಚೆ.

ನನ್ನ ಪ್ರಶ್ನೆ ಇಷ್ಟೇ. ಕಾರಣ ಈಜೆಬೆಲ್ ಮತ್ತು ಬಾಳ ಅನ್ನುವ ದೇವರ ಪೂಜೆ ಅಂತ ಗ್ರಂಥ ಹೇಳುತ್ತದೆ. ಬೇರೆ ದೇವರನ್ನು ಪೂಜಿಸಿದ ರಾಜರು ಬೇಕಾದಷ್ಟು ಜನ ಇದ್ದರು, ಅವರ ವಂಶ ಹೀಗೆ ನಾಶ ಆಗಲಿಲ್ಲ. ಹಾಗಾದರೆ ಇಲ್ಲಿ ನಿಜವಾಗಿ ಆಗಿದ್ದೇನು?

ತರಲೆ ತಮ್ಮ:

ಮಾವ ಸೈಟ್ ತಗೊಂಡ, ಸೊಸೆ ಮನೆ ಮುಳುಗಿಸಿದಳು. ಇದು ಧಾರಾವಾಹಿ ಕಥೆ ಅಲ್ವಾ?

ಸಂಡೇಸ್ಕೂಲ್ ಅಕ್ಕ:

ತಮ್ಮಾ, ಅದೇ ಸಮಸ್ಯೆ. ಎಲ್ಲರೂ ಧಾರಾವಾಹಿ ತರಹವೇ ಹೇಳುತ್ತಾರೆ. ಚಿಕ್ಕಂದಿನಿಂದ ನಾನು ಕೇಳಿದ ಪ್ರಸಂಗಗಳಲ್ಲಿ ಈಜೆಬೆಲ್ ಅಂದರೆ ತುಟಿಗೆ ಬಣ್ಣ ಹಚ್ಚಿದವಳು, ಗಂಡನನ್ನು ಕೈಗೊಂಬೆ ಮಾಡಿದವಳು, ಅಷ್ಟೇ. ಹುಡುಗಿಯರು ಸ್ವಲ್ಪ ಅಲಂಕಾರ ಮಾಡಿಕೊಂಡು ಬಂದರೆ ಸಾಕು, ಅವಳ ಹೆಸರು ಹೊರಗೆ ಬರುತ್ತದೆ.

ವಚನ ತೆರೆದು ನೋಡಿ. 2 ಅರಸುಗಳು 9ರಲ್ಲಿ ಅವಳು ಕಣ್ಣಿಗೆ ಕಾಡಿಗೆ ಹಚ್ಚಿ ತಲೆ ಬಾಚಿಕೊಳ್ಳುವುದು ಯಾವಾಗ? ಮಗ ಯೋರಾಮನನ್ನು ಕೊಂದ ಯೇಹು ಬಾಗಿಲಿಗೆ ಬಂದಾಗ. ಆಗ ಅವಳ ಇಬ್ಬರು ಗಂಡುಮಕ್ಕಳು ರಾಜರಾಗಿ ಹೋಗಿದ್ದಾರೆ. ಯಾರನ್ನೋ ಮರುಳು ಮಾಡೋಕೆ ಹೊರಟವಳಲ್ಲ. ಸಾಯುವುದಾದರೆ ರಾಣಿಯ ಹಾಗೇ ಸಾಯುತ್ತೇನೆ ಅಂತ ಕಿಟಕಿಗೆ ಬಂದವಳು. ಅಲ್ಲಿಂದ ಏನು ಕೇಳಿದಳು ಗೊತ್ತಾ? "ಒಡೆಯನನ್ನು ಕೊಂದ ಜಿಮ್ರಿಯೇ, ಕ್ಷೇಮವೋ?" ಅಂತ. ಸಾವಿನ ಬಾಯಲ್ಲಿ ನಿಂತು ಇಷ್ಟು ಹರಿತವಾಗಿ ಚುಚ್ಚಿ ಮಾತಾಡುವವರು ಇಡೀ ಅರಸುಗಳಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಅವಳು ಒಳ್ಳೆಯವಳು ಅಂತ ನಾನು ಹೇಳುತ್ತಿಲ್ಲ. ದ್ರಾಕ್ಷಿತೋಟಕ್ಕಾಗಿ ಕೊಲ್ಲಿಸಿದ ನಾಬೋತನ ರಕ್ತ ಅವಳ ಕೈ ಮೇಲಿದೆ. ಆದರೆ ಬಯ್ಯುವುದಾದರೆ ಕೊಲೆಗೆ ಬಯ್ಯಿರಿ, ಕಾಡಿಗೆಗಲ್ಲ.

ಬೆಟ್ಟದ ಹೂ:

ಜಿಮ್ರಿ ಯಾರು ಅಕ್ಕಾ? ಮಧ್ಯದಿಂದ ಬಂದವರಿಗೂ ಸ್ವಲ್ಪ ಹೇಳಿ.

ಹಳೇ ಮೇಷ್ಟ್ರು:

ನಾನು ಹೇಳುತ್ತೇನೆ. ಈ ಮನೆತನ ಶುರುವಾಗುವುದೇ ಜಿಮ್ರಿಯಿಂದ.

ಏಲ ಅಂತ ರಾಜ. ತಿರ್ಚ ಪಟ್ಟಣದಲ್ಲಿ ಅರಮನೆ ಮೇಲ್ವಿಚಾರಕನ ಮನೆಯಲ್ಲಿ ಕುಡಿದು ಅಮಲೇರಿ ಕೂತಿದ್ದಾನೆ. ಅವನ ರಥಗಳಲ್ಲಿ ಅರ್ಧಕ್ಕೆ ಅಧಿಪತಿಯಾಗಿದ್ದ ಜಿಮ್ರಿ ಒಳಗೆ ನುಗ್ಗಿ ಕೊಂದು ತಾನೇ ರಾಜ ಅಂದ. ಆಗ ಸೈನ್ಯ ಫಿಲಿಷ್ಟಿಯರ ಗಿಬ್ಬೆತೋನ್ ಊರಿಗೆ ಮುತ್ತಿಗೆ ಹಾಕಿತ್ತು. ಸುದ್ದಿ ಪಾಳೆಯಕ್ಕೆ ಮುಟ್ಟಿತು. ಅಲ್ಲೇ, ಅದೇ ದಿನ, ಸೈನಿಕರು ತಮ್ಮ ಸೇನಾಪತಿ ಒಮ್ರಿಯನ್ನು ರಾಜನನ್ನಾಗಿ ಮಾಡಿದರು. ಒಮ್ರಿ ತಿರ್ಚಕ್ಕೆ ಬಂದು ಮುತ್ತಿಗೆ ಹಾಕಿದ. ಊರು ಬಿತ್ತು ಅಂತ ಗೊತ್ತಾದಾಗ ಜಿಮ್ರಿ ಅರಮನೆಯ ಕೋಟೆಯೊಳಗೆ ಹೋಗಿ ಬೆಂಕಿ ಹಚ್ಚಿಕೊಂಡು ಸತ್ತ. ಆಳಿದ್ದು ಏಳು ದಿನ.

ಅಷ್ಟಕ್ಕೇ ಮುಗಿಯಲಿಲ್ಲ. ಅರ್ಧ ಜನ ತಿಬ್ನಿ ಅನ್ನುವವನ ಕಡೆ ಹೋದರು. ಒಳಜಗಳ ಕೆಲವು ವರ್ಷ ನಡೆಯಿತು. ಕೊನೆಗೆ "ತಿಬ್ನಿ ಸತ್ತ, ಒಮ್ರಿ ರಾಜನಾದ" ಅನ್ನುವಷ್ಟರಲ್ಲೇ ಗ್ರಂಥ ಆ ಮಾತು ಮುಗಿಸುತ್ತದೆ. ಹೇಗೆ ಸತ್ತ ಅಂತ ಹೇಳುವುದಿಲ್ಲ.

ಅಂದರೆ ಈಜೆಬೆಲ್ ಯೇಹುವಿಗೆ ಹೇಳಿದ್ದು, "ನಿನ್ನಂಥವನನ್ನು ನಮ್ಮ ಮಾವ ಒಂದು ವಾರದಲ್ಲಿ ಮುಗಿಸಿದ್ದರು" ಅಂತ. ಪಾಪ, ಲೆಕ್ಕ ತಪ್ಪಿತು. ಯೇಹು 28 ವರ್ಷ ಆಳಿದ.

ಶಾಸನಪ್ರಿಯ:

ಗುಡ್ಡದಮನೆಯವರೇ, ಗ್ರಂಥದಲ್ಲಿ ಆರು ವಚನ ಸರಿ. ಅಕ್ಕಪಕ್ಕದ ರಾಜ್ಯದವರ ಕಲ್ಲುಗಳನ್ನು ಓದಿ ನೋಡಿ, ಒಮ್ರಿ ಎಷ್ಟು ದೊಡ್ಡವನು ಅಂತ ಗೊತ್ತಾಗುತ್ತದೆ.

ಮೊದಲನೆಯದು ಮೋವಾಬಿನ ರಾಜ ಮೇಷನ ಶಾಸನ. 1868ರಲ್ಲಿ ಈಗಿನ ಜೋರ್ಡಾನಿನ ಧಿಬಾನ್‌ನಲ್ಲಿ ಸಿಕ್ಕಿತು. ಕಪ್ಪು ಕಲ್ಲು, ಮೂವತ್ತಕ್ಕೂ ಜಾಸ್ತಿ ಸಾಲು. ಯುರೋಪಿನವರು ಅದಕ್ಕಾಗಿ ಕಿತ್ತಾಡುವುದನ್ನು ನೋಡಿ ಅಲ್ಲಿಯ ಬೆದುಯಿನ್ ಜನ ಕಲ್ಲನ್ನೇ ಒಡೆದು ಹಾಕಿದರು. ಅದೃಷ್ಟಕ್ಕೆ ಅಷ್ಟರೊಳಗೆ ಕಾಗದ ಒತ್ತಿ ಅಚ್ಚು ತೆಗೆದಿದ್ದರು. ಆ ಅಚ್ಚು ಮತ್ತು ಸಿಕ್ಕಿದ ಚೂರುಗಳನ್ನು ಇಟ್ಟುಕೊಂಡು ಮತ್ತೆ ಜೋಡಿಸಿದ್ದು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅದರಲ್ಲಿ ಮೇಷ ಹೇಳುವುದು ಇದು: ನಮ್ಮ ದೇವರು ಕೆಮೋಷ್ ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ, ಅದಕ್ಕೇ ಇಸ್ರಾಯೇಲಿನ ರಾಜ ಒಮ್ರಿ ಮೋವಾಬನ್ನು ಬಹಳ ಕಾಲ ತುಳಿದ.

ಎರಡನೆಯದು ಅಸ್ಸೀರಿಯಾದ ಮೂರನೇ ಶಾಲ್ಮನೆಸೆರನ ಕುರ್ಖ್ ಶಾಸನ. ಕ್ರಿ.ಪೂ. 853ರಲ್ಲಿ ಸಿರಿಯಾದ ಕರ್ಕರ್ ಎಂಬಲ್ಲಿ ಅವನನ್ನು ತಡೆದ ರಾಜರ ಪಟ್ಟಿ ಅದರಲ್ಲಿದೆ. ದಮಸ್ಕದ ರಾಜನಿಗೆ 1,200 ರಥ. ಹಮಾತಿನವನಿಗೆ 700. ಇಸ್ರಾಯೇಲಿನ ಅಹಾಬನಿಗೆ 2,000 ರಥ, 10,000 ಕಾಲಾಳು. ರಥದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ. ಇಂಥ ಯುದ್ಧದ ಬಗ್ಗೆ ಅರಸುಗಳು ಒಂದು ಅಕ್ಷರ ಹೇಳುವುದಿಲ್ಲ!

ಮೂರನೆಯದು ಇನ್ನೂ ತಮಾಷೆ. ಒಮ್ರಿಯ ಮನೆತನವನ್ನೇ ಕತ್ತರಿಸಿ ಹಾಕಿದ ಯೇಹು, ಅದೇ ಶಾಲ್ಮನೆಸೆರನಿಗೆ ಕಪ್ಪ ಒಪ್ಪಿಸಿದ. ಅದನ್ನು ಕೆತ್ತಿಸಿದ ಕಪ್ಪು ಕಂಬದ ಮೇಲೆ ಅಸ್ಸೀರಿಯಾದ ಲಿಪಿಕಾರ ಬರೆದದ್ದು "ಒಮ್ರಿಯ ಮಗ ಯೇಹು".

ತರಲೆ ತಮ್ಮ:

ಮೇಲಿಂದ ಕೆಳಗೆ ಎಲ್ಲರನ್ನೂ ಕೊಂದರೂ ಇನಿಷಿಯಲ್ ಹೋಗಲಿಲ್ಲ 😂

ಲಂಡನ್ ಕನ್ನಡತಿ:

ಆ ಕಂಬ ಇಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ನಾನು ನೋಡಿದ್ದೇನೆ. ನಾಲ್ಕು ಮುಖ, ಒಂದೊಂದರಲ್ಲಿ ಐದು ಚಿತ್ರ. ಮೇಲಿಂದ ಎರಡನೇ ಸಾಲಿನಲ್ಲಿ ಒಬ್ಬ ಗಡ್ಡದವನು ಮೊಣಕಾಲೂರಿ ಹಣೆ ನೆಲಕ್ಕೆ ಹಚ್ಚಿದ್ದಾನೆ. ಎದುರಿಗೆ ಶಾಲ್ಮನೆಸೆರ ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದಾನೆ. ಹಿಂದೆ ಸಾಮಾನು ಹೊತ್ತವರ ಸಾಲು. ಬಿದ್ದವನು ಯೇಹುವೇ, ಅಥವಾ ಅವನು ಕಳಿಸಿದ ದೂತನೇ ಅನ್ನುವುದರಲ್ಲಿ ಒಮ್ಮತ ಇಲ್ಲ. ಆದರೂ ಅರಸುಗಳಲ್ಲಿ ಬರುವ ಒಬ್ಬ ರಾಜನ ಕಾಲದಲ್ಲೇ ಕೆತ್ತಿದ ಚಿತ್ರ ಅಂದರೆ ಸುಮ್ನೆ ಅಲ್ಲ.

ಜನ ಅದರ ಮುಂದೆ ನಿಲ್ಲುವುದೇ ಇಲ್ಲ ಅನ್ನೋದು ಬೇರೆ ಮಾತು. ಎಲ್ಲರೂ ಮಮ್ಮಿ ನೋಡೋಕೆ ಓಡುತ್ತಿರುತ್ತಾರೆ.

ನೇರ ಮಾತು:

ಶಾಸನ, ರಥ, ಮ್ಯೂಸಿಯಂ ಎಲ್ಲಾ ಚೆನ್ನಾಗಿದೆ. ಆದರೆ ಗ್ರಂಥ ಯಾಕೆ ಬರೆದಿದ್ದಾರೆ ಅನ್ನೋದನ್ನೇ ಬಿಟ್ಟಿರಿ. ಅರಸುಗಳು ಬರೆದವರಿಗೆ ರಥ ಎಣಿಸುವುದು ಕೆಲಸ ಅಲ್ಲ. ತಮ್ಮ ದೇವರು ಯೆಹೋವನ ಎದುರು ಈ ರಾಜ ಹೇಗಿದ್ದ ಅನ್ನೋದು ಒಂದೇ ಅಳತೆಗೋಲು. "ಉಳಿದ ವಿಷಯ ಬೇಕಾದರೆ ರಾಜಕಾಲವೃತ್ತಾಂತ ಗ್ರಂಥದಲ್ಲಿ ನೋಡಿಕೊಳ್ಳಿ" ಅಂತ ಅವರೇ ಬರೆದಿದ್ದಾರೆ. ಆ ಗ್ರಂಥ ನಮಗೆ ಉಳಿದಿಲ್ಲ, ಅದಕ್ಕೆ ಅವರೇನು ಮಾಡಬೇಕು?

ಅಹಾಬ ಚೀದೋನ್ಯರ ರಾಜ ಎತ್ಬಾಳನ ಮಗಳನ್ನು ತಂದ. ಸಮಾರ್ಯದಲ್ಲೇ ಬಾಳನಿಗೆ ಗುಡಿ ಕಟ್ಟಿಸಿದ. ಅವಳ ಊಟದ ಪಂಕ್ತಿಯಲ್ಲಿ ಬಾಳನ 450 ಪ್ರವಾದಿಗಳು, ಅಶೇರ ದೇವಿಯ 400 ಜನ. ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದಳು. ದೇಶಕ್ಕೆ ಬರ ಬಂತು. ಯೆಹೋವನ ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳಿಗೆ ಸವಾಲು ಹಾಕಿದ. ಇದಕ್ಕಿಂತ ಸ್ಪಷ್ಟ ಕಾರಣ ಇನ್ನೇನು ಬೇಕು?

ಗುಡ್ಡದಮನೆ:

ಅವರ ಅಳತೆಗೋಲು ಅದು, ಒಪ್ಪುತ್ತೇನೆ ಸರ್. ಆದರೆ ಅದೇ ಅಳತೆಗೋಲಿನಲ್ಲೂ ಅಹಾಬ ಅಷ್ಟು ನೇರ ಮನುಷ್ಯ ಅಲ್ಲ. ಅರಮನೆಯ ಉಸ್ತುವಾರಿ ನೋಡುವ ಓಬದ್ಯ ಯೆಹೋವನ ಭಕ್ತ. ನೂರು ಪ್ರವಾದಿಗಳನ್ನು ಐವತ್ತೈವತ್ತರಂತೆ ಎರಡು ಗವಿಗಳಲ್ಲಿ ಬಚ್ಚಿಟ್ಟು ರೊಟ್ಟಿ ನೀರು ಕೊಟ್ಟು ಸಾಕಿದವನು. ಅಂಥವನು ಅಹಾಬನ ಬಲಗೈ! ಮುಂದೆ 22ನೇ ಅಧ್ಯಾಯದಲ್ಲಿ ಯುದ್ಧಕ್ಕೆ ಹೊರಡುವ ಮುಂಚೆ ಅಹಾಬ ಕೇಳುವುದು ಯಾರನ್ನು? 400 ಪ್ರವಾದಿಗಳನ್ನು. ಅವರು ಮಾತಾಡುವುದು ಯೆಹೋವನ ಹೆಸರಿನಲ್ಲಿ, ಬಾಳನ ಹೆಸರಿನಲ್ಲಲ್ಲ. ಅಂದರೆ ಅವನ ಆಸ್ಥಾನದಲ್ಲಿ ಎರಡೂ ನಡೆಯುತ್ತಿತ್ತು.

ಹಳೇ ಮೇಷ್ಟ್ರು:

ನಡೆಯಲೇಬೇಕಿತ್ತು. ಒಮ್ರಿಯ ಬುದ್ಧಿವಂತಿಕೆ ಇದ್ದದ್ದೇ ಬೀಗತನದಲ್ಲಿ.

ಅವನಿಗಿಂತ ಮುಂಚೆ ಇಸ್ರಾಯೇಲಿಗೂ ದಕ್ಷಿಣದ ಯೆಹೂದ ರಾಜ್ಯಕ್ಕೂ ಸದಾ ಜಗಳ. ಈ ಮನೆತನ ಅದನ್ನು ನಿಲ್ಲಿಸಿತು. ಸಮುದ್ರದ ಕಡೆ ಚೀದೋನ್, ತೂರ್ ಪಟ್ಟಣಗಳ ಹತ್ತಿರ ಹಡಗು, ಮರ, ಕುಶಲಕರ್ಮಿಗಳು ಇದ್ದರು. ಅಲ್ಲಿಂದ ಸೊಸೆ ತಂದರು. ದಕ್ಷಿಣಕ್ಕೆ ಮನೆಮಗಳು ಅತಲ್ಯಳನ್ನು ದಾವೀದನ ವಂಶದ ಯೆಹೋರಾಮನಿಗೆ ಕೊಟ್ಟರು. ಪೂರ್ವಕ್ಕೆ ಮೋವಾಬ್ ಕೈಕೆಳಗೆ, ವರ್ಷಕ್ಕೆ ಲಕ್ಷ ಕುರಿಮರಿ, ಲಕ್ಷ ಟಗರಿನ ಉಣ್ಣೆ. ಮೂರು ಕಡೆ ನೆಮ್ಮದಿ ಆದರೆ ಉತ್ತರಕ್ಕೆ ರಥ ಕಳಿಸಬಹುದು. ಕರ್ಕರ್‌ಗೆ 2,000 ರಥ ಹೋದದ್ದು ಹೀಗೆ. ಆ 2,000 ಅನ್ನುವುದು ಕೆತ್ತುವವನ ಕೈತಪ್ಪು, 200 ಇರಬೇಕು ಅನ್ನುವ ವಿದ್ವಾಂಸರೂ ಇದ್ದಾರೆ ಅನ್ನಿ.

ಹೊರಗಿನ ಸೊಸೆ ಬಂದರೆ ಅವಳ ದೇವರೂ ಬರುತ್ತದೆ, ಅರ್ಚಕರೂ ಬರುತ್ತಾರೆ. ಸೊಲೊಮೋನನ ಕಾಲದಲ್ಲೂ ಅದೇ ಆಗಿತ್ತು. ಮದುವೆ ಅಂದರೆ ಒಪ್ಪಂದ, ಗುಡಿ ಅಂದರೆ ಅದರ ರುಜು.

ಬೆಟ್ಟದ ಹೂ:

ಎತ್ಬಾಳ ಅನ್ನೋ ಬೀಗರು ಹೇಗಿದ್ದರು? ದೊಡ್ಡ ಕುಳವಾ?

ಶಾಸನಪ್ರಿಯ:

ಅವನೂ ಗದ್ದುಗೆ ಕಿತ್ತುಕೊಂಡವನೇ! ಯೆಹೂದಿ ಇತಿಹಾಸಕಾರ ಜೋಸೆಫಸ್ ಹಳೆಯ ತೂರ್ ದಾಖಲೆಗಳನ್ನು ಹೆಸರಿಸಿ ಬರೆಯುತ್ತಾನೆ. ಎತ್ಬಾಳ ಅಷ್ಟಾರ್ತೆ ದೇವಿಯ ಪೂಜಾರಿಯಾಗಿದ್ದ, ಆಗಿನ ರಾಜನನ್ನು ಕೊಂದು ತಾನು ರಾಜನಾದ. ಒಂದು ಕಡೆ ಪಾಳೆಯದಲ್ಲಿ ರಾಜನಾದ ಒಮ್ರಿ, ಇನ್ನೊಂದು ಕಡೆ ಗುಡಿಯಿಂದ ಬಂದು ರಾಜನಾದ ಎತ್ಬಾಳ. ಜೋಡಿ ಚೆನ್ನಾಗೇ ಕೂಡಿದೆ.

ಅದೇ ದಾಖಲೆಯಲ್ಲಿ ಎತ್ಬಾಳನ ಕಾಲದಲ್ಲಿ ಒಂದು ವರ್ಷ ಪೂರ್ತಿ ಮಳೆ ಇಲ್ಲದೆ ಬರ ಬಂತು ಅಂತಲೂ ಇದೆ, ಜೋಸೆಫಸ್ ಅದನ್ನು ಎಲೀಯನ ಬರ ಅಂತಲೇ ಹೇಳುತ್ತಾನೆ. ಅಲ್ಲಿ ದೇವರನ್ನು ಬೇಡಿ ಮಳೆ ತರಿಸಿದ್ದು ಎತ್ಬಾಳ.

ನೇರ ಮಾತು:

ನೋಡಿ, ಬರ ನಿಜವಾಗಿ ಬಂದಿತ್ತು ಅಂತ ನೀವೇ ಸಾಕ್ಷಿ ಕೊಟ್ಟಿರಿ.

ಶಾಸನಪ್ರಿಯ:

ಬರ ಬಂತು ಅಂದೆ. ಯಾರು ನಿಲ್ಲಿಸಿದರು ಅನ್ನೋದಕ್ಕೆ ಎರಡೂ ಕಡೆಯವರು ತಮ್ಮ ತಮ್ಮ ದೇವರ ಹೆಸರು ಹೇಳುತ್ತಾರೆ ಅಂತಲೂ ಅಂದೆ.

ವಕೀಲ್ ಸಾಹೇಬ್:

ಎಲ್ಲರೂ ಕರ್ಮೆಲ್ ಬೆಟ್ಟದಲ್ಲೇ ನಿಂತಿದ್ದೀರಿ. ನನ್ನ ಪ್ರಕಾರ ಈ ಮನೆತನದ ಮೇಲಿರುವ ನಿಜವಾದ ಕೇಸ್ ನಾಬೋತನದು. 1 ಅರಸುಗಳು 21, ಒಮ್ಮೆ ನಿಧಾನವಾಗಿ ಓದಿ.

ಇಜ್ರೇಲ್‌ನಲ್ಲಿ ಅರಮನೆಗೆ ತಾಗಿಕೊಂಡು ನಾಬೋತನ ದ್ರಾಕ್ಷಿತೋಟ. ಅಹಾಬನಿಗೆ ಅಲ್ಲಿ ಕಾಯಿಪಲ್ಲೆ ಬೆಳೆಯುವ ಆಸೆ. ಸುಮ್ಮನೆ ಕಿತ್ತುಕೊಳ್ಳಲಿಲ್ಲ. ಇದಕ್ಕಿಂತ ಒಳ್ಳೆ ತೋಟ ಕೊಡುತ್ತೇನೆ, ಬೇಡವಾದರೆ ದುಡ್ಡು ಕೊಡುತ್ತೇನೆ ಅಂದ. ನ್ಯಾಯವಾದ ಮಾತೇ. ನಾಬೋತ ಪಿತ್ರಾರ್ಜಿತ ಭೂಮಿ, ಕೊಡುವುದಿಲ್ಲ ಅಂದ. ರಾಜ ಮನೆಗೆ ಹೋಗಿ ಹಾಸಿಗೆಯಲ್ಲಿ ಮುಖ ತಿರುಗಿಸಿಕೊಂಡು ಮಲಗಿದ, ಊಟ ಬಿಟ್ಟ. ಅಷ್ಟು ರಥ ಇರುವ ರಾಜ, ತೋಟ ಕೊಡಲಿಲ್ಲ ಅಂತ ಮುನಿಸಿಕೊಂಡು ಮಲಗುತ್ತಾನೆ ಅಂದರೆ ಗಮನಿಸಿ. ಕಾನೂನು ತನ್ನನ್ನೂ ಕಟ್ಟಿಹಾಕಿದೆ ಅಂತ ಅವನಿಗೆ ಗೊತ್ತಿತ್ತು.

ಈಜೆಬೆಲ್ ಬೆಳೆದ ಊರಲ್ಲಿ ಹಾಗಿರಲಿಲ್ಲವೋ ಏನೋ. "ಇಸ್ರಾಯೇಲನ್ನು ಆಳುವವನು ನೀನೇ ತಾನೇ?" ಅಂತಾಳೆ. ಅಹಾಬನ ಹೆಸರಿನಲ್ಲಿ ಪತ್ರ ಬರೆದು ಅವನ ಮುದ್ರೆ ಒತ್ತಿ ಊರ ಹಿರಿಯರಿಗೆ ಕಳಿಸುತ್ತಾಳೆ. ಉಪವಾಸ ಸಾರಿಸಿ, ನಾಬೋತನನ್ನು ಜನರ ಮುಂದೆ ಮೇಲಿನ ಸ್ಥಾನದಲ್ಲಿ ಕೂರಿಸಿ, ಎದುರಿಗೆ ಇಬ್ಬರು ಪೋಕರಿಗಳನ್ನು ಕೂರಿಸಿ, ಇವನು ದೇವರನ್ನೂ ರಾಜನನ್ನೂ ಶಪಿಸಿದ ಅಂತ ಹೇಳಿಸಿ. ಇಬ್ಬರು ಯಾಕೆ? ಧರ್ಮೋಪದೇಶಕಾಂಡದ ಪ್ರಕಾರ ಮರಣದಂಡನೆಗೆ ಕಡಿಮೆ ಅಂದರೂ ಇಬ್ಬರು ಸಾಕ್ಷಿ ಬೇಕು! ಪ್ರೊಸೀಜರ್ ಪೂರ್ತಿ ಪಕ್ಕಾ. ಊರ ಹೊರಗೆ ಕರೆದುಕೊಂಡು ಹೋಗಿ ಕಲ್ಲೆಸೆದರು. ಅಹಾಬ ಎದ್ದು ತೋಟ ವಶಕ್ಕೆ ತೆಗೆದುಕೊಳ್ಳಲು ಹೊರಟ.

ವಾರಸುದಾರರು ಏನಾದರು ಅಂತ ನನಗೆ ಪ್ರಶ್ನೆ ಇತ್ತು. ಉತ್ತರ 21ನೇ ಅಧ್ಯಾಯದಲ್ಲಿ ಇಲ್ಲ. ಎಷ್ಟೋ ಆಮೇಲೆ, 2 ಅರಸುಗಳು 9:26ರಲ್ಲಿ ಯೇಹುವಿನ ಬಾಯಲ್ಲಿ ಬರುತ್ತದೆ: ನಾಬೋತನ ರಕ್ತ ಮತ್ತು ಅವನ ಮಕ್ಕಳ ರಕ್ತ. ಮಕ್ಕಳನ್ನೂ ಮುಗಿಸಿದ್ದರು. ತಕರಾರು ಹಾಕುವವರೇ ಇಲ್ಲ.

ಸಂಡೇಸ್ಕೂಲ್ ಅಕ್ಕ:

ಮಕ್ಕಳ ವಿಷಯ ಎಷ್ಟು ಜನ ಓದಿಯೂ ದಾಟಿಹೋಗುತ್ತಾರೆ! ಥ್ಯಾಂಕ್ಸ್ ವಕೀಲರೇ.

ಆ ಊರ ಹಿರಿಯರ ಬಗ್ಗೆಯೂ ಯಾರೂ ಪ್ರಸಂಗ ಮಾಡುವುದಿಲ್ಲ. ಪತ್ರ ಬಂತು, ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಮುಂದೆ ಯೇಹುವೂ ಪತ್ರವನ್ನೇ ಬರೆಯುತ್ತಾನೆ, ಸಮಾರ್ಯದ ಹಿರಿಯರಿಗೆ, ಅಹಾಬನ 70 ಗಂಡುಮಕ್ಕಳನ್ನು ಸಾಕುತ್ತಿದ್ದವರಿಗೆ. ಸಾಕಿದವರೇ ಕಡಿದು ತಲೆಗಳನ್ನು ಬುಟ್ಟಿಯಲ್ಲಿ ತುಂಬಿ ಇಜ್ರೇಲ್‌ಗೆ ಕಳಿಸಿದರು. ನಾಬೋತನಿಗೆ ಮಾಡಿದ್ದನ್ನೇ ರಾಜನ ಮಕ್ಕಳಿಗೂ ಮಾಡಿದರು.

ವಕೀಲ್ ಸಾಹೇಬ್:

ಹೌದು ಮೇಡಂ. ಅಧಿಕಾರ ಯಾರ ಕೈಗೆ ಹೋಗುತ್ತದೋ ಅವರ ಪತ್ರಕ್ಕೆ ಸಹಿ. ಇದು ಯಾವ ಕಾಲಕ್ಕೂ ಬದಲಾಗದ ಇಲಾಖೆ.

ನೇರ ಮಾತು:

ನಾಬೋತನ ಮಾತು ನಾನೂ ಒಪ್ಪುತ್ತೇನೆ. ಎಲೀಯ ತೋಟಕ್ಕೇ ಬಂದು ಹೇಳಿದ್ದು ಅದನ್ನೇ, "ಕೊಂದು ಸ್ವಾಧೀನವನ್ನೂ ಮಾಡಿಕೊಂಡೆಯಾ?" ಅಂತ. ಬಾಳನ ಪೂಜೆಗೆ ಒಂದು ಮಾತು, ಬಡವನ ಜಮೀನಿಗೆ ಇನ್ನೊಂದು ಮಾತು ಅಂತ ಪ್ರವಾದಿಗಳು ಬೇರೆ ಮಾಡುವುದಿಲ್ಲ, ಎರಡೂ ಒಂದೇ ಪಾಪದ ಎರಡು ಮುಖ. ಮೀಕ 6:16ರಲ್ಲಿ "ಒಮ್ರಿಯ ನಿಯಮಗಳು, ಅಹಾಬನ ಮನೆತನದ ಆಚಾರಗಳು" ಅಂತ ಬೈದಿರುವುದೂ ಕಳ್ಳ ತಕ್ಕಡಿ, ಮೋಸದ ಅಳತೆಕಲ್ಲುಗಳ ಮಾತು ಬಂದ ಮೇಲೇ. ನೂರು ವರ್ಷ ಕಳೆದ ಮೇಲೂ ಹೆಸರು ನೆನಪಿತ್ತು.

ಗುಡ್ಡದಮನೆ:

ಮೀಕದ ಮಾತು ಒಳ್ಳೆ ಪಾಯಿಂಟ್. ಒಮ್ರಿ ಬರೀ ಆರು ವಚನದವನಲ್ಲ, ಅವನ ಆಡಳಿತದ ಪದ್ಧತಿಯೇ ಒಂದು ಹೆಸರಾಗಿ ಉಳಿದಿತ್ತು ಅಂತಾಯಿತು.

ಆದರೂ ನನ್ನ ಪ್ರಶ್ನೆ ಹಾಗೇ ಇದೆ. ನಾಬೋತ ಸತ್ತಾಗ ಯಾರೂ ದಂಗೆ ಏಳಲಿಲ್ಲ. ಅಹಾಬ ತಾನೇ ಬಟ್ಟೆ ಹರಿದುಕೊಂಡು ಗೋಣಿತಟ್ಟು ಉಟ್ಟು ಉಪವಾಸ ಮಾಡಿದ, ಶಿಕ್ಷೆ ಮಗನ ಕಾಲಕ್ಕೆ ಮುಂದೆ ಹೋಯಿತು. ಆಮೇಲೂ ಎಷ್ಟೋ ವರ್ಷ ಗದ್ದುಗೆ ಅಲುಗಲಿಲ್ಲ. 841ರಲ್ಲೇ ಯಾಕೆ?

ಹಳೇ ಮೇಷ್ಟ್ರು:

ದಮಸ್ಕ. ಉತ್ತರ ಅಲ್ಲಿದೆ.

ಕರ್ಕರ್‌ನಲ್ಲಿ ಅಹಾಬನ ಪಕ್ಕದಲ್ಲಿ ನಿಂತಿದ್ದು ದಮಸ್ಕದ ಹದದೆಜೆರ. ಆ ಒಕ್ಕೂಟ ಆಮೇಲೂ 849, 848, 845ರಲ್ಲಿ ಅಸ್ಸೀರಿಯಾವನ್ನು ತಡೆಯಿತು. ಅಲ್ಲಿಯ ತನಕ ಒಮ್ರಿಯ ಮನೆಗೆ ಉತ್ತರದ ಬಾಗಿಲು ಭದ್ರ. ಆಮೇಲೆ ದಮಸ್ಕದಲ್ಲಿ ಹಜಾಯೇಲ ಗದ್ದುಗೆ ಕಿತ್ತುಕೊಂಡ. ಶಾಲ್ಮನೆಸೆರನ ಶಾಸನ ಅವನನ್ನು "ಯಾರದೋ ಮಗ" ಅಂತ ಹೀಯಾಳಿಸುತ್ತದೆ. 2 ಅರಸುಗಳು 8ರಲ್ಲಿ ಕಾಯಿಲೆ ಮಲಗಿದ ರಾಜನ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿ ಅವನು ಮಾಡಿದ ಕೆಲಸ ಇದೆ. ಅಷ್ಟಕ್ಕೆ ಸ್ನೇಹ ಮುರಿಯಿತು. ದಮಸ್ಕ ಮತ್ತು ಇಸ್ರಾಯೇಲ್ ರಾಮೋತ್ ಗಿಲ್ಯಾದ್‌ಗಾಗಿ ಕಾದಾಡಿದವು.

ಮೋವಾಬೂ ಅಷ್ಟೊತ್ತಿಗೆ ಕೈಬಿಟ್ಟಿತ್ತು. ಯೋರಾಮ ಯೆಹೂದ, ಎದೋಮ್ ರಾಜರನ್ನು ಕಟ್ಟಿಕೊಂಡು ದಂಡೆತ್ತಿ ಹೋದ. ಊರೂರು ಕೆಡವಿದರು, ಬಾವಿ ಮುಚ್ಚಿದರು. ಕೊನೆಯ ಕೋಟೆಯಲ್ಲಿ ಮೇಷ ತನ್ನ ಹಿರಿಮಗನನ್ನು ಗೋಡೆಯ ಮೇಲೆ ಬಲಿ ಕೊಟ್ಟ. ಇಸ್ರಾಯೇಲರು ಅಲ್ಲಿಂದ ವಾಪಸ್ ಬಂದರು. ಲಕ್ಷ ಕುರಿಮರಿಯ ಆದಾಯ ಹೋಯಿತು. ಮೇಷ ಕಲ್ಲಿನಲ್ಲಿ "ಇಸ್ರಾಯೇಲ್ ಶಾಶ್ವತವಾಗಿ ನಾಶವಾಯಿತು" ಅಂತ ಕೆತ್ತಿಸಿಕೊಂಡ.

ಈಗ ಯೋರಾಮ ರಾಮೋತ್‌ನಲ್ಲಿ ಗಾಯಗೊಂಡು ಇಜ್ರೇಲ್‌ಗೆ ಬಂದು ಮಲಗಿದ್ದಾನೆ. ಸೈನ್ಯ ಗಡಿಯಲ್ಲಿದೆ, ಗೆಲ್ಲದ ಯುದ್ಧದಲ್ಲಿದೆ, ರಾಜ ಜೊತೆಗಿಲ್ಲ. ಗಿಬ್ಬೆತೋನ್ ನೆನಪಿಸಿಕೊಳ್ಳಿ. ಒಮ್ರಿಯನ್ನು ರಾಜ ಮಾಡಿದ್ದೂ ಹೀಗೇ ಮುತ್ತಿಗೆಯಲ್ಲಿದ್ದ ಪಾಳೆಯವೇ.

ತರಲೆ ತಮ್ಮ:

ಪಾಳೆಯ ಕೊಟ್ಟಿದ್ದನ್ನು ಪಾಳೆಯವೇ ವಾಪಸ್ ತಗೊಂಡಿತು ಅನ್ನಿ.

ಗುಡ್ಡದಮನೆ:

ಮೇಷ್ಟ್ರೇ, ಇದೇ ನಾನು ಹುಡುಕುತ್ತಿದ್ದದ್ದು. ಆ ದಂಗೆ ಶುರುವಾಗುವ ರೀತಿಯೂ ಅದ್ಭುತವಾಗಿದೆ. ಎಲೀಷ ಅನ್ನುವ ಪ್ರವಾದಿ ಯೇಹುವಿನ ಹತ್ತಿರ ಒಬ್ಬ ಯುವ ಪ್ರವಾದಿಯನ್ನು ಕಳಿಸುತ್ತಾನೆ. ಎಣ್ಣೆ ಹೊಯ್ದು ಅಭಿಷೇಕ ಮಾಡು, ಆಮೇಲೆ ಬಾಗಿಲು ತೆರೆದು ಓಡಿಬಿಡು, ನಿಲ್ಲಬೇಡ ಅಂತ. ಯೇಹು ಹೊರಗೆ ಬಂದಾಗ ಗೆಳೆಯ ಅಧಿಕಾರಿಗಳು "ಆ ಹುಚ್ಚ ಯಾಕೆ ಬಂದಿದ್ದ?" ಅಂತ ಕೇಳುತ್ತಾರೆ. ಇವನು ಮೊದಲು ತಪ್ಪಿಸಿಕೊಳ್ಳಲು ನೋಡುತ್ತಾನೆ. ಸುಳ್ಳು, ಹೇಳು ಅಂತಾರೆ. ಹೇಳಿದ ಕೂಡಲೇ ಎಲ್ಲರೂ ಮೈಮೇಲಿನ ಬಟ್ಟೆ ತೆಗೆದು ಮೆಟ್ಟಿಲ ಮೇಲೆ ಹಾಸಿ ಕೊಂಬೂದಿ ಯೇಹು ರಾಜ ಅಂತಾರೆ. ಒಬ್ಬನೂ ಹಿಂದೆಮುಂದೆ ನೋಡುವುದಿಲ್ಲ. ಎಲ್ಲಾ ಮೊದಲೇ ಹದಕ್ಕೆ ಬಂದಿತ್ತು.

ಬೆಟ್ಟದ ಹೂ:

ಆಮೇಲೆ ರಥದ ಚೇಸ್ ಇದೆಯಲ್ಲ, ಅದು ನನಗೆ ಇಷ್ಟ. ಕಾವಲುಗಾರ ಗೋಪುರದಿಂದ ದೂರದ ಧೂಳು ನೋಡಿ "ಓಡಿಸುವ ರೀತಿ ಯೇಹುವಿನ ಹಾಗಿದೆ, ಹುಚ್ಚನ ಹಾಗೆ ಓಡಿಸುತ್ತಾನೆ" ಅಂತಾನೆ. ಡ್ರೈವಿಂಗ್ ನೋಡಿ ಆಳು ಗುರುತು ಹಿಡಿಯೋದು!

ತರಲೆ ತಮ್ಮ:

ಸಿಲ್ಕ್ ಬೋರ್ಡ್ ಹತ್ತಿರ ಬಿಟ್ಟಿದ್ದರೆ ಯೋರಾಮ ಬದುಕಿಕೊಳ್ಳುತ್ತಿದ್ದ.

ಅಡ್ಮಿನ್:

ಟ್ರಾಫಿಕ್ ಚರ್ಚೆಗೆ ಬೇರೆ ಥ್ರೆಡ್ ಇದೆ 🙂

ಶಾಸನಪ್ರಿಯ:

ಈಗ ಒಂದು ತಕರಾರು. ಯೋರಾಮನನ್ನು ಕೊಂದಿದ್ದು ಯೇಹುವೇ ಅಂತ ಎಲ್ಲರೂ ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ.

ಇಸ್ರೇಲಿನ ಉತ್ತರದ ತುದಿಯಲ್ಲಿ ತೆಲ್ ದಾನ್ ಅಂತ ಜಾಗ. ಅಲ್ಲಿ 1993 ಮತ್ತು 1994ರಲ್ಲಿ ಅರಾಮಿಕ್ ಶಾಸನದ ಮೂರು ಚೂರು ಸಿಕ್ಕವು. ದಾವೀದನ ಮನೆತನದ ಹೆಸರು ಇರುವ ಕಲ್ಲು ಅಂತ ಜಗತ್ತಿಗೆಲ್ಲ ಗೊತ್ತಾದದ್ದು ಇದೇ. ಅದರಲ್ಲಿ ಅರಾಮಿನ ರಾಜನೊಬ್ಬ, ಹಜಾಯೇಲನೇ ಇರಬೇಕು ಅಂತ ಬಹಳ ಜನರ ಅಭಿಪ್ರಾಯ, ಇಸ್ರಾಯೇಲಿನ ರಾಜ ಯೋರಾಮನನ್ನೂ ದಾವೀದನ ಮನೆತನದ ಅಹಜ್ಯನನ್ನೂ (ಯೆಹೂದದ ರಾಜ, ಅತಲ್ಯಳ ಮಗ; ಅದೇ ಹೆಸರಿನ ಅಹಾಬನ ಮಗ ಅಲ್ಲ) ತಾನೇ ಕೊಂದೆ ಅನ್ನುತ್ತಾನೆ. ಹೆಸರುಗಳ ಅರ್ಧ ಅಕ್ಷರ ಒಡೆದುಹೋಗಿವೆ, ತುಂಬಿಕೊಂಡು ಓದಬೇಕು. ಆದರೆ ಆ ಕಾಲದಲ್ಲಿ ಇಬ್ಬರು ರಾಜರು ಒಟ್ಟಿಗೆ ಸತ್ತ ಘಟನೆ ಬೇರೆ ಇಲ್ಲ.

ಹಾಗಾದರೆ ಕೊಂದವರು ಯಾರು? ಸತ್ತವರು ಅದೇ ಇಬ್ಬರು ರಾಜರು, ಕೊಂದೆ ಅನ್ನುವವರು ಮಾತ್ರ ಇಬ್ಬರು.

ವಕೀಲ್ ಸಾಹೇಬ್:

ಒಬ್ಬ ಕೊಂದ, ಇನ್ನೊಬ್ಬ ಸುಪಾರಿ ಕೊಟ್ಟ. ಸೆಕ್ಷನ್ ಹಾಕೋಕೆ ಯಾವ ತೊಂದರೆಯೂ ಇಲ್ಲ.

ನೇರ ಮಾತು:

ರಾಜರ ಶಾಸನಗಳಲ್ಲಿ ಬಡಾಯಿ ಇರುತ್ತದೆ. ಮೇಷ ಇಸ್ರಾಯೇಲ್ ಶಾಶ್ವತವಾಗಿ ನಾಶ ಅಂದ, ಆಮೇಲೂ ನೂರಕ್ಕೂ ಜಾಸ್ತಿ ವರ್ಷ ಇಸ್ರಾಯೇಲ್ ಇತ್ತಲ್ಲ. ಹಜಾಯೇಲನ ಮಾತು ಮಾತ್ರ ಸತ್ಯ, ಗ್ರಂಥ ಮಾತ್ರ ಸುಳ್ಳು ಅನ್ನುವುದು ಯಾವ ನ್ಯಾಯ?

ಶಾಸನಪ್ರಿಯ:

ಗ್ರಂಥ ಸುಳ್ಳು ಅಂತ ನಾನು ಹೇಳಿಲ್ಲ. ನಮ್ಮ ಐಹೊಳೆ ಶಾಸನದಲ್ಲೂ ರವಿಕೀರ್ತಿ ಪುಲಿಕೇಶಿಯನ್ನು ಹೊಗಳುವಾಗ ಹರ್ಷನ ಹರ್ಷವೇ ಹೋಯಿತು ಅಂತಾನೆ. ಅಲಂಕಾರ ಜಾಸ್ತಿ ಆಯಿತು ಅಂತ ಯುದ್ಧವೇ ಆಗಲಿಲ್ಲ ಅನ್ನುತ್ತೇವಾ? ಎರಡೂ ಇಟ್ಟುಕೊಂಡು ತೂಗಬೇಕು.

ನಾನು ತೂಗಿದರೆ ಹೀಗೆ. ಇಜ್ರೇಲ್‌ನ ಘಟನೆ ಅಷ್ಟು ವಿವರವಾಗಿ ಬಂದಿದೆ. ಬಾಣ ಯೋರಾಮನ ಭುಜಗಳ ನಡುವೆ ಹೊಕ್ಕು ಎದೆಯಿಂದ ಹೊರಬಂತು, ಹೆಣವನ್ನು ನಾಬೋತನ ಹೊಲಕ್ಕೆ ಎಸೆ ಅಂತ ಯೇಹು ತನ್ನ ಸರದಾರ ಬಿದ್ಕಾರನಿಗೆ ಹೇಳಿದ, "ನಾವಿಬ್ಬರೂ ಅಹಾಬನ ಹಿಂದೆ ಸವಾರಿ ಮಾಡುತ್ತಿದ್ದಾಗ ಕೇಳಿದ ಮಾತು ನೆನಪಿದೆಯಾ" ಅಂತ. ಹತ್ತಿರ ಇದ್ದವರ ಬಾಯಿಂದ ಬಂದ ಹಾಗಿದೆ. ಹಜಾಯೇಲ ತನಗೆ ಲಾಭ ಆದ ಸಾವನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿರಬಹುದು.

ಲಂಡನ್ ಕನ್ನಡತಿ:

ಲಾಭ ಅಂತೂ ಅವನಿಗೇ ಆಯಿತು. 2 ಅರಸುಗಳು 10ರ ಕೊನೆಗೆ ನೋಡಿ, ಯೊರ್ದನಿನ ಪೂರ್ವಕ್ಕಿದ್ದ ಭೂಮಿಯನ್ನೆಲ್ಲ ಹಜಾಯೇಲ ಯೇಹುವಿನಿಂದ ಕಿತ್ತುಕೊಂಡ. ಬಾಳನ ಗುಡಿ ಕೆಡವಿ ಅಲ್ಲಿ ಪಾಯಿಖಾನೆ ಮಾಡಿಸಿದ ವೀರ, ಹೊರಗಿನವರ ಮುಂದೆ ಏನೂ ಮಾಡಲಾಗಲಿಲ್ಲ. ಈಜೆಬೆಲಳನ್ನು ಕೊಂದಾಗ ಚೀದೋನ್ ಹೋಯಿತು. ಅಹಜ್ಯನನ್ನೂ ಅವನ 42 ಜನ ನೆಂಟರನ್ನೂ ಕೊಂದಾಗ ಯೆಹೂದ ಹೋಯಿತು. ಬೀಗರು ಒಬ್ಬರೂ ಉಳಿಯಲಿಲ್ಲ. ಅದಕ್ಕೇ ಶಾಲ್ಮನೆಸೆರನ ಕಾಲಿಗೆ ಬೀಳಬೇಕಾಯಿತು.

ಹಳೇ ಮೇಷ್ಟ್ರು:

ಸರಿಯಾಗಿ ಹೇಳಿದಿರಿ ಅಮ್ಮಾ. ಅದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಯೇಹುವಿನ ಮಗ ಯೆಹೋವಾಹಾಜನ ಕಾಲಕ್ಕೆ ಉಳಿದ ಸೈನ್ಯ, 2 ಅರಸುಗಳು 13:7ರ ಪ್ರಕಾರ: 50 ಕುದುರೆ ಸವಾರರು, 10 ರಥ, 10,000 ಕಾಲಾಳು. ಅಹಾಬನ ಕಾಲದಲ್ಲಿ 2,000 ರಥ. ಹೋಗಲಿ, 200 ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಹತ್ತಕ್ಕೆ.

ನೇರ ಮಾತು:

ಆದರೂ ಯೇಹುವಿನ ಮನೆತನ ನಾಲ್ಕು ತಲೆಮಾರು ಹೆಚ್ಚಿಗೆ ಆಳಿತು. ಯೆಹೋವ ಅವನಿಗೆ ಮಾತು ಕೊಟ್ಟಿದ್ದು ನಡೆಯಿತು.

ಸಂಡೇಸ್ಕೂಲ್ ಅಕ್ಕ:

ನಡೆಯಿತು ಬ್ರದರ್. ಆದರೆ ಹೋಶೇಯ 1:4 ಸಹ ಓದಿ. ಇಜ್ರೇಲ್‌ನಲ್ಲಿ ಸುರಿಸಿದ ರಕ್ತಕ್ಕಾಗಿ ಯೇಹುವಿನ ಮನೆತನವನ್ನು ದಂಡಿಸುತ್ತೇನೆ ಅಂತ ಯೆಹೋವನೇ ಹೇಳುತ್ತಾನೆ. ಒಬ್ಬ ಪ್ರವಾದಿಯ ಶಿಷ್ಯ ಎಣ್ಣೆ ಹೊಯ್ದು ಮಾಡಿಸಿದ ಕೆಲಸವನ್ನು ಇನ್ನೊಬ್ಬ ಪ್ರವಾದಿ ರಕ್ತಪಾತ ಅಂತ ಕರೆದ. ಗ್ರಂಥದ ಒಳಗೇ ಈ ಚರ್ಚೆ ಇದೆ, ನಾವಿಲ್ಲಿ ಹೊಸದಾಗಿ ಶುರು ಮಾಡಿದ್ದೇನಲ್ಲ.

ಯೇಹುವಿನ ಒಂದು ವಿಷಯ ನನಗೆ ಮರೆಯೋಕಾಗಲ್ಲ. ಈಜೆಬೆಲಳನ್ನು ಕಿಟಕಿಯಿಂದ ತಳ್ಳಿಸಿ, ಕುದುರೆ ತುಳಿಸಿ, ಒಳಗೆ ಹೋಗಿ ಊಟ ಮಾಡಿದ, ಕುಡಿದ. ಆಮೇಲೆ ನೆನಪಾಗಿ, ಅವಳನ್ನು ಹೂಣಿಡಿ, ರಾಜನ ಮಗಳಲ್ಲವೇ ಅಂದ. ಹೋಗಿ ನೋಡಿದರೆ ನಾಯಿಗಳು ತಿಂದು ತಲೆಬುರುಡೆ, ಪಾದ, ಅಂಗೈ ಬಿಟ್ಟರೆ ಏನೂ ಉಳಿದಿರಲಿಲ್ಲ.

ಗುಡ್ಡದಮನೆ:

ಊಟ ಮಾಡಿದ ಅನ್ನೋದನ್ನು ಬರೆದವನು ಬೇಕಂತಲೇ ಬಿಟ್ಟಿಲ್ಲ ಅನ್ನಿಸುತ್ತದೆ.

ಸರಿ, ಎಲ್ಲಾ ಮುಗಿಯಿತು ಅಂದುಕೊಂಡರೆ ದಕ್ಷಿಣದಲ್ಲಿ ಅತಲ್ಯ ಇದ್ದಾಳೆ. ಮಗ ಅಹಜ್ಯ ಸತ್ತ ಸುದ್ದಿ ಬಂದ ಕೂಡಲೇ ರಾಜವಂಶದವರನ್ನೆಲ್ಲ ಕೊಲ್ಲಿಸಿ ತಾನೇ ಯೆರೂಸಲೇಮಿನಲ್ಲಿ ಆರು ವರ್ಷ ಆಳಿದಳು. ಸ್ವಂತ ಮೊಮ್ಮಕ್ಕಳನ್ನು! ಇದು ಮಾತ್ರ ನನಗೆ ಅರ್ಥ ಆಗಿಲ್ಲ.

ವಕೀಲ್ ಸಾಹೇಬ್:

ಯೋಚಿಸಿ ನೋಡಿ, ತವರಿನಲ್ಲಿ ಒಬ್ಬರೂ ಉಳಿದಿಲ್ಲ. ಮಗನೂ ಹೋದ. ರಾಜಮಾತೆ ಅನ್ನುವ ಸ್ಥಾನ ಬರುವುದು ಮಗನಿಂದ. ಮೊಮ್ಮಗ ಪಟ್ಟಕ್ಕೆ ಬಂದರೆ ಆ ಸ್ಥಾನ ಸೊಸೆಗೆ. ಸಮರ್ಥನೆ ಮಾಡುತ್ತಿಲ್ಲ, ಮೋಟಿವ್ ಹೇಳುತ್ತಿದ್ದೇನೆ.

ಒಂದು ಮಗು ತಪ್ಪಿಸಿಕೊಂಡಿತು. ಯೋವಾಷ. ಸೋದರತ್ತೆ ಯೆಹೋಶೆಬ ಅವನನ್ನು ದಾದಿಯ ಸಮೇತ ಬಚ್ಚಿಟ್ಟಳು, ದೇವಾಲಯದಲ್ಲಿ ಬೆಳೆಸಿದರು. ಏಳನೇ ವರ್ಷ ಯಾಜಕ ಯೆಹೋಯಾದ ಹೊರಗೆ ತಂದು ಕಿರೀಟ ಇಟ್ಟ. ಅತಲ್ಯ ಗದ್ದಲ ಕೇಳಿ ಬಂದು "ದ್ರೋಹ, ದ್ರೋಹ" ಅಂತ ಕೂಗಿದಳು. ಕುದುರೆಗಳು ಅರಮನೆಗೆ ಬರುವ ದಾರಿಯಲ್ಲಿ ಅವಳನ್ನು ಕೊಂದರು.

ಬೆಟ್ಟದ ಹೂ:

ಒಂದು ನಿಮಿಷ. ಯೋವಾಷ ಅತಲ್ಯಳ ಮೊಮ್ಮಗ. ಅತಲ್ಯ ಅಹಾಬನ ಮಗಳು. ಹಾಗಾದರೆ ಒಮ್ರಿಯ ವಂಶ ನಿರ್ವಂಶ ಆಗಲೇ ಇಲ್ಲ?

ಶಾಸನಪ್ರಿಯ:

2 ಅರಸುಗಳು 8:18ರಲ್ಲಿ ಅಹಾಬನ ಮಗಳು, 8:26ರಲ್ಲಿ ಒಮ್ರಿಯ ಮಗಳು. ಯಾವುದನ್ನು ಹಿಡಿದರೂ ಒಮ್ರಿಯ ಮನೆಯವಳೇ. ಯೋವಾಷನ ನಂತರ ಯೆಹೂದವನ್ನು ಆಳಿದ ಎಲ್ಲರೂ, ಹಿಜ್ಕೀಯ, ಯೋಷೀಯ ಸೇರಿ, ಆ ರಕ್ತದವರೇ. ಯೇಹು ಉತ್ತರದಲ್ಲಿ ಕತ್ತರಿಸಿದ್ದು ದಕ್ಷಿಣದಲ್ಲಿ ದಾವೀದನ ಸಿಂಹಾಸನದ ಮೇಲೆ ಕೂತಿತ್ತು.

ಸಂಡೇಸ್ಕೂಲ್ ಅಕ್ಕ:

ಮತ್ತಾಯ 1:8 ತೆಗೆಯಿರಿ, ಯೇಸುವಿನ ವಂಶಾವಳಿ. "ಯೋರಾಮನು ಉಜ್ಜೀಯನನ್ನು ಪಡೆದನು" ಅಂತಿದೆ. ಈ ಯೋರಾಮ ಅಂದರೆ ಅತಲ್ಯಳ ಗಂಡ ಯೆಹೋರಾಮ. ಮಧ್ಯೆ ಅಹಜ್ಯ, ಯೋವಾಷ, ಅಮಚ್ಯ ಮೂವರೂ ಇಲ್ಲ! ಹದಿನಾಲ್ಕು ತಲೆಮಾರಿನ ಲೆಕ್ಕ ಕೂಡಿಸಲು ಬಿಟ್ಟರು ಅನ್ನುತ್ತಾರೆ. ಅಹಾಬನ ಮನೆಯ ಶಾಪ ತಟ್ಟಿದ ತಲೆಮಾರುಗಳು ಅಂತ ಬಿಟ್ಟರು ಅಂತಲೂ ಹೇಳುತ್ತಾರೆ. ನಾನು ಎರಡನೇ ಪಕ್ಷ.

ನೇರ ಮಾತು:

ಹೆಣ್ಣಿನ ಕಡೆಯಿಂದ ವಂಶ ಎಣಿಸುವುದಿಲ್ಲ. ಯೋವಾಷ ದಾವೀದನ ವಂಶ, ಅಷ್ಟೇ.

ವಕೀಲ್ ಸಾಹೇಬ್:

ಬ್ರದರ್, ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದವರು ತಿದ್ದುಪಡಿ ತಂದಿದ್ದು 2005ರಲ್ಲಿ. ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು. ಅತಲ್ಯ ನನ್ನ ಆಫೀಸಿಗೆ ಬಂದಿದ್ದರೆ ಬೇರೆ ದಾರಿ ತೋರಿಸುತ್ತಿದ್ದೆ.

ನೇರ ಮಾತು:

ಅವಳು ಹಿಂದೂ ಅಲ್ಲವಲ್ಲ ಸರ್.

ತರಲೆ ತಮ್ಮ:

ಸಮಾರ್ಯ ಗುಡ್ಡ ಮಾತ್ರ ಒಮ್ರಿಯ ಸ್ವಯಾರ್ಜಿತ ಆಸ್ತಿ. ದುಡ್ಡು ಕೊಟ್ಟು ತಗೊಂಡಿದ್ದು. ಅದಕ್ಕೆ ಯಾವ ಸೆಕ್ಷನ್?

ವಕೀಲ್ ಸಾಹೇಬ್:

ಅದಕ್ಕೆ ವಿಲ್ ಬರೆದಿಡಬೇಕಿತ್ತು. ಇನ್‌ಬಾಕ್ಸ್‌ಗೆ ಬನ್ನಿ, ಫೀಸ್ ಹೇಳುತ್ತೇನೆ.